ಯಂತ್ರಕ್ಕೆ ನೆಗಡಿ

'ಇವತ್ತು ನಿಮ್ಮ ಯಂತ್ರಕ್ಕೆ ನೆಗಡಿಯಾದ ಹಾಗಿದೆ. ದಯವಿಟ್ಟು ಸೆಟ್ಟಿಂಗ್ ನೋಡಿ.'

ಪರದೆಯ ಮೇಲೆ ಬಂದ ಮೆಸೇಜ್ ಓದಿ, ಮೂಗಿಗೆ ಹಿಡಿದಿದ್ದ ಕರವಸ್ತ್ರವನ್ನು ಅವಳು ಹಾಗೆಯೇ ಹಿಡಿದು ಕುಳಿತಳು. ಯಂತ್ರ ಎಂದರೆ ಅವಳೇ. ನೆಗಡಿಯೂ ನಿಜವೇ.

ಊರಿನ ಗಾರ್ಮೆಂಟ್ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅದರ ಕ್ಯಾಂಟೀನ್ ಕಟ್ಟಡದಲ್ಲಿ ಜ್ಞಾನ ಕೇಂದ್ರ ಶುರುವಾಗಿತ್ತು. ಕೆಲಸ ಕಳೆದುಕೊಂಡವರು ಅಲ್ಲಿ ಕಂಪ್ಯೂಟರಿನ ಮೇಲೆ ಬಟ್ಟೆಯ ವಿನ್ಯಾಸ ಬಿಡಿಸುವುದನ್ನು, ಅಳತೆ ಜೋಡಿಸುವುದನ್ನು ಕಲಿತು, ಮಾಡಿದ ವಿನ್ಯಾಸಗಳನ್ನು ಎಲ್ಲೆಲ್ಲಿಯವೋ ಕಂಪನಿಗಳಿಗೆ ಕಳಿಸಬೇಕು. ಇಷ್ಟು ವರ್ಷ ಬಟ್ಟೆ ಮಾರಿದ ಊರು ಈಗ ಬಟ್ಟೆಯ ಯೋಚನೆಯನ್ನು ಮಾರಲು ಹೊರಟಿತ್ತು.

ಅವಳು ಅಲ್ಲಿ ಪಾಠ ಬರೆಯುವ ಕೆಲಸಕ್ಕೆ ಸೇರಿದ್ದಳು. ಪಾಠ ಓದಿ ಹೇಳಲು ಒಂದು ಸಾಫ್ಟ್‌ವೇರ್ ಇತ್ತು. ಅದು 'ತೋಳಿನ ಅಳತೆ' ಎನ್ನುವುದನ್ನು ರೈಲು ತಡವಾಗಿದೆ ಎಂದು ಸಾರುವ ಧಾಟಿಯಲ್ಲಿ ಹೇಳುತ್ತಿತ್ತು. ಕೇಳಿ ಕೇಳಿ ಸಂಕಟವಾಗಿ, ಒಂದು ದಿನ ಹಳೆಯ ಉಗ್ರಾಣದ ಕೋಣೆಯಲ್ಲಿ ದನಿ ಮಾರ್ದನಿಸದಂತೆ ಗೋಡೆಗೆಲ್ಲ ಕಂಬಳಿ ಇಳಿಬಿಟ್ಟು, ತಾನೇ ಓದಿ ರೆಕಾರ್ಡ್ ಮಾಡಿ ಹಾಕಿದಳು. ಕೇಂದ್ರದ ನಿರ್ದೇಶಕಿ ಮೇಡಂ ಕೇಳಿ ಖುಷಿಪಟ್ಟು, "ಹೆಸರು ಹಾಕೋಣ್ವಾ?" ಎಂದರು.

"ಅಯ್ಯೋ, ಬೇಡ ಮೇಡಂ. ಯಾರಿಗೂ ಹೇಳ್ಬೇಡಿ."

ಮೇಡಂ ಹೇಳಲಿಲ್ಲ. ಸೇತುವೆಯಾಚೆಯ ಶಾಖೆಯಲ್ಲಿ ತರಗತಿ ನಡೆಸುವವನು, ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆ ಎಂದೇ ನಂಬಿಬಿಟ್ಟ. ವಯಸ್ಸು ಮೂವತ್ತು ದಾಟಿರದಿದ್ದರೂ ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು.

ಅವನ ಮೆಸೇಜುಗಳು ತಾಂತ್ರಿಕ ವಿಭಾಗಕ್ಕೆ ಬರುತ್ತಿದ್ದವು. ತಾಂತ್ರಿಕ ವಿಭಾಗ ಎಂದರೆ, ಅದೂ ಅವಳೇ.

'ಯಂತ್ರದ ವೇಗ ಸ್ವಲ್ಪ ಕಡಿಮೆ ಮಾಡಿ' ಎಂದಿದ್ದ. ಅವಳು ಇಡೀ ಪಾಠವನ್ನು ನಿಧಾನವಾಗಿ ಮತ್ತೆ ಓದಿದಳು. 'ದನಿಯ ಪಿಚ್ ಇಳಿಸಿ' ಎಂದ. ಬಿಸಿನೀರು ಕುಡಿದು, ಗಂಟಲು ಸರಿಮಾಡಿಕೊಂಡು ಇಳಿಸಿದಳು. ಆಮೇಲಾಮೇಲೆ ದೂರು ಹರಟೆಯಾಯಿತು. 'ನಿಮ್ಮ ಯಂತ್ರ ನಿನ್ನೆ ಪಾಠದ ಮಧ್ಯೆ ನಕ್ಕಿತು. ಹೀಗೂ ಆಗುತ್ತದೆಯೇ?'

'ಅಪರೂಪಕ್ಕೆ ಆಗುತ್ತದೆ. ತೆಗೆದುಹಾಕಬೇಕೇ?'

'ಖಂಡಿತ ಬೇಡ. ಆ ಜಾಗವನ್ನು ನಾನು ನಾಲ್ಕು ಸಲ ಕೇಳಿದೆ.'

ಆ ದಿನ ಅವಳ ಕೆನ್ನೆ ಕಂಬಳಿಗಿಂತ ಬೆಚ್ಚಗಿತ್ತು. ಈಗ ನೆಗಡಿಯ ದೂರಿಗೆ ಅವಳು ಉತ್ತರ ಟೈಪ್ ಮಾಡಿದಳು: 'ದುರಸ್ತಿ ನಡೆಯುತ್ತಿದೆ. ಶುಂಠಿ ಕಷಾಯ ಕೊಟ್ಟಿದ್ದೇವೆ.'

ಎದುರು ಸಿಕ್ಕಾಗ ಮಾತ್ರ ಕಥೆ ಬೇರೆ. ತಿಂಗಳ ಸಭೆಯಲ್ಲಿ ಅವನು ಒಮ್ಮೆ ಅವಳ ಪಕ್ಕದ ಕುರ್ಚಿ ತೋರಿಸಿ, "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದ್ದ. ಅವಳು ಇಲ್ಲವೆಂದು ತಲೆಯಾಡಿಸಿದ್ದಳು. ಮೊಣಕೈವರೆಗೆ ಮಡಚಿದ್ದ ಅವನ ತೋಳಿನ ಮೇಲೆ ಮಾರ್ಕರಿನ ನೀಲಿ ಗೀರು. ಸಭೆ ಮುಗಿಯುವವರೆಗೂ ಅವಳು ನೋಡಿದ್ದು ಆ ಗೀರನ್ನೇ. ಅವನು ಎರಡು ಸಲ ತಿರುಗಿ ನೋಡಿದ. ಮೂರನೆಯ ಸಲ, "ನೀವು ಮಾತೇ ಆಡಲ್ವಾ?" ಎಂದ. ಅವಳು ಅದಕ್ಕೂ ತಲೆಯಾಡಿಸಿದಳು.

"ಹೌದು ಅಂತಲೋ ಇಲ್ಲ ಅಂತಲೋ?" ಎಂದು ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅವಳು ಮನೆಗೆ ಬಂದು ಹೇಳಿದಾಗ.

"ನಂಗೂ ಗೊತ್ತಾಗ್ಲಿಲ್ಲ ಅತ್ತಿಗೆ."

"ನಿಮ್ಮಣ್ಣ ನಿನ್ನ ಆಮೆ ಅಂತ ಕರೆಯೋದು ಸುಮ್ನೆ ಅಲ್ಲ ಬಿಡು. ಆಮೆಯಾದ್ರೂ ಆಗಾಗ ತಲೆ ಹೊರಗೆ ಹಾಕತ್ತೆ ಕಣೇ! ಹೋಗಿ ಹೇಳು, ಆ ದನಿ ನಂದು ಅಂತ."

ಹೇಳುವುದು ಹೇಗೆ? ಅವನಿಗೆ ಇಷ್ಟವಾಗಿದ್ದು ಕಂಬಳಿಗಳ ನಡುವೆ ಧೈರ್ಯವಾಗಿ ಮಾತಾಡುವ ಯಾರೋ. ಕುರ್ಚಿಯಲ್ಲಿ ಮುದುಡಿ ಕೂತವಳಲ್ಲ. ಇಬ್ಬರೂ ಒಬ್ಬಳೇ ಎಂದು ತಿಳಿದರೆ ಅವನ ಮುಖ ಹೇಗಾದೀತು?

ಹೀಗಿರುವಾಗ ಒಂದು ಬೆಳಿಗ್ಗೆ ಮೇಡಂ ಅವಳನ್ನು ಕರೆದು ಕೂರಿಸಿದರು. ಈ ಪಾಠಗಳನ್ನು ನಾಡಿನಲ್ಲಿ ಕಾರ್ಖಾನೆ ಮುಚ್ಚಿದ ಎಲ್ಲ ಊರುಗಳಿಗೂ ಒಯ್ಯುವ ಯೋಜನೆ ಬಂದಿತ್ತು. ಆದರೆ ಆ ಯೋಜನೆಯ ಸಮಿತಿಯವರು ಒಂದು ಹೊಸ ಧ್ವನಿಯಂತ್ರ ಗೊತ್ತುಮಾಡಿದ್ದರು. ಎಲ್ಲ ಕಡೆ ಅದೇ ಓದುತ್ತದೆ. ಮರುದಿನ ಸೇತುವೆಯಾಚೆಯ ಶಾಖೆಯಲ್ಲಿ ಅದರ ಪರೀಕ್ಷೆ.

"ಓದೋದು ನೀನು ಅಂತ ನಾನು ಹೇಳಬಹುದು. ಆದ್ರೆ ನಿಂಗೆ ಮಾತು ಕೊಟ್ಟಿದೀನಿ," ಎಂದರು ಮೇಡಂ. "ನೀನಾಗೇ ಹೇಳ್ತೀಯಾ?"

ಅವಳು ಹೌದೋ ಇಲ್ಲವೋ ತಿಳಿಯದ ಹಾಗೆ ತಲೆಯಾಡಿಸಿದಳು.

"ಸರಿ. ಬಂದು ಹಿಂದೆ ಕೂತ್ಕೋ, ಅಷ್ಟು ಸಾಕು."

ಮರುದಿನ ಶಾಖೆಯ ಉದ್ದನೆಯ ಕೋಣೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಮಿತಿಯ ಮೂವರು. ಕೊನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕ, ಅವಳು. ಅವನು ಅವಳನ್ನು ನೋಡಿ ಗುರುತಿನ ನಗೆ ನಕ್ಕ.

"ಸರ್, ಒಂದು ವಿನಂತಿ," ಎಂದ ಅವನು ಸಮಿತಿಯ ಹಿರಿಯರಿಗೆ. "ಹಳೇ ಯಂತ್ರಾನೇ ಇರಲಿ. ಇವರಿಗೆಲ್ಲ ಅದು ಮನೆ ಹುಡುಗಿ ಥರ ಆಗ್ಬಿಟ್ಟಿದೆ."

"ಯಂತ್ರಕ್ಕೂ ಯಂತ್ರಕ್ಕೂ ಏನ್ರೀ ವ್ಯತ್ಯಾಸ? ಹೊಸದು ಇನ್ನೂ ಸ್ಪಷ್ಟವಾಗಿದೆ. ಹಾಕಿ, ಕೇಳೋಣ."

ಅವನ ಭುಜ ಕುಸಿದದ್ದು ಅವಳಿಗೆ ಅಷ್ಟು ದೂರದಿಂದಲೂ ಕಂಡಿತು.

ಹೊಸ ಯಂತ್ರ ಓದತೊಡಗಿತು. ಪಾಠ ಅವಳೇ ಬರೆದದ್ದು: ಒಂದು ಅಳತೆಯ ಅಂಗಿಯನ್ನು ದೊಡ್ಡ ಅಳತೆಗೆ ಬೆಳೆಸುವುದು ಹೇಗೆ. ದನಿ ನುಣುಪಾಗಿತ್ತು, ಎಲ್ಲೂ ತಡವರಿಸಲಿಲ್ಲ. ಮಧ್ಯದಲ್ಲಿ, ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಡಬ್ಬ ಕಟ್ಟಿದ್ದ ಪ್ಯಾಕಿಂಗ್ ಅಕ್ಕ ಕೈ ಎತ್ತಿದಳು.

"ಒಂದ್ನಿಮಿಷ ನಿಲ್ಸಿ. ಇಡೀ ಚಿತ್ರಾನ ಎಳೆದು ದೊಡ್ಡದು ಮಾಡಿದ್ರೆ ಆಯ್ತಲ್ಲ? ಒಂದೊಂದು ಕಡೆ ಒಂದೊಂದು ಅಳತೆ ಯಾಕೆ?"

ಯಂತ್ರ ಮುಂದಕ್ಕೆ ಓದಿತು. ಅವನು ಅವಸರದಲ್ಲಿ ನಿಲ್ಲಿಸುವ ಗುಂಡಿ ಹುಡುಕಿದ. ಪ್ಯಾಕಿಂಗ್ ಅಕ್ಕ ಮೆಲ್ಲಗೆ ಕೈ ಇಳಿಸಿದಳು. "ನಂಗೇ ತಲೆಗೆ ಹತ್ತಲ್ಲ ಅನ್ಸತ್ತೆ ಬಿಡಿ. ಡಬ್ಬ ಕಟ್ಟೋಳಿಗೆ ಇದೆಲ್ಲ ಯಾಕೆ."

ಕೊನೆಯ ಬೆಂಚಿನಲ್ಲಿದ್ದ ಅವಳಿಗೆ ಆ ಮಾತನ್ನು ತಡೆಯಲಾಗಲಿಲ್ಲ. ಯಾವಾಗ ಎದ್ದು ನಿಂತಳೋ ಅವಳಿಗೇ ತಿಳಿಯದು.

"ಇಲ್ಲ ಅಕ್ಕ, ಒಳ್ಳೇ ಪ್ರಶ್ನೆ ಕೇಳಿದ್ರಿ. ನಮ್ಮಣ್ಣನ್ನೇ ತಗೊಳ್ಳಿ. ಮದುವೆ ಆದ್ಮೇಲೆ ಅವನ ಹೊಟ್ಟೆ ಇಷ್ಟು ಮುಂದೆ ಬಂತು. ಭುಜ ಅಷ್ಟೇ ಇದೆ, ಕತ್ತು ಒಂಚೂರು ದಪ್ಪ ಆಯ್ತು ಅಷ್ಟೇ. ಹಳೇ ಅಂಗೀನ ಸುಮ್ನೆ ಎಳೆದು ದೊಡ್ಡದು ಮಾಡಿದ್ರೆ ಹೊಟ್ಟೆಗೇನೋ ಸರಿಹೋಗತ್ತೆ, ಆದ್ರೆ ಭುಜ ಮೊಣಕೈಗೆ ಜಾರತ್ತೆ. ಮನುಷ್ಯ ಎಲ್ಲಾ ಕಡೆ ಒಂದೇ ಸಮ ಬೆಳೆಯಲ್ಲ ಅಕ್ಕ. ಅದಕ್ಕೇ ಬೇರೆ ಬೇರೆ ಅಳತೆ."

"ಅಯ್ಯೋ, ನಮ್ಮನೆಯವರೂ ಹಾಗೇ!" ಎಂದು ಪ್ಯಾಕಿಂಗ್ ಅಕ್ಕ ನಕ್ಕಳು. ಕೋಣೆಯೆಲ್ಲ ನಕ್ಕಿತು. ನಗು ಒಂದೊಂದೇ ಬೆಂಚಿನಲ್ಲಿ ನಿಂತಿತು. ಎಲ್ಲರೂ ಹಿಂದೆ ತಿರುಗಿದರು.

"ಇದು ನಮ್ಮ ಹುಡುಗಿ ದನಿ ಅಲ್ವೇನ್ರೇ?" ಯಾರೋ ಅಂದರು.

ಅವನು ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದ. ಅವಳು ಮೊದಲ ಸಲ ಕಣ್ಣೆತ್ತಿ ಅವನನ್ನು ನೇರವಾಗಿ ನೋಡಿದಳು. ಮುಖ ಹೇಗಾದೀತು ಎಂದು ಅಷ್ಟೊಂದು ಹೆದರಿದ್ದಳಲ್ಲ, ಅದು ಮೆಲ್ಲಗೆ ಕೆಂಪಗಾಗುತ್ತಿತ್ತು. ಅವಳದಕ್ಕಿಂತ ಹೆಚ್ಚು.

ಸಮಿತಿಯ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಹಳೇ ಯಂತ್ರ ನೀನೇ ಅನ್ನು! ಹೀಗೆ ಹೇಳಿಕೊಡೋರು ಪ್ರತಿ ಊರಲ್ಲೂ ಬೇಕಲ್ಲಮ್ಮ. ನೀನೊಬ್ಬಳೇ ಎಷ್ಟು ಕಡೆ ಓದ್ತೀಯ?"

"ಎಲ್ಲಾ ಕಡೆ ನಾನೇ ಓದೋದು ಬೇಡ ಸರ್," ಎಂದಳು. ದನಿ ನಡುಗಿತು, ಆದರೂ ನಿಲ್ಲಲಿಲ್ಲ. "ಆಯಾ ಊರಿನವರೇ ಓದಲಿ, ಅವರವರ ಮನೆ ಉದಾಹರಣೆ ಕೊಟ್ಟು. ಹೇಗೆ ಅಂತ ನಾನು ಕಲಿಸ್ತೀನಿ."

ಮೇಡಂ ಬಾಯಿ ಬಿಟ್ಟು ನೋಡಿದರು. ಹಿರಿಯರು ಪಕ್ಕದವರ ಕಡೆ ತಿರುಗಿ ಪಿಸುಗುಟ್ಟಿ, ಕೊನೆಗೆ, "ಮೊದಲು ಆರು ಊರು. ನೋಡೋಣ," ಎಂದರು.

ಎಲ್ಲರೂ ಚಹಾಕ್ಕೆಂದು ಹೊರಗೆ ಹೋದರು. ಅವನು ಖಾಲಿ ಬೆಂಚುಗಳ ನಡುವೆ ಬಂದು ಒಂದು ಮಾರು ದೂರದಲ್ಲೇ ನಿಂತ.

"ಪಿಚ್ ಇಳಿಸಿ ಅಂತ ಬರೆದಿದ್ದೆ ನಾನು," ಎಂದ, ತಲೆ ತುರಿಸಿಕೊಳ್ಳುತ್ತ. "ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತಿದೆ."

"ಇಳಿಸಿದ್ದೆನಲ್ಲ."

"ಸಭೇಲಿ ಪಕ್ಕದಲ್ಲೇ ಕೂತಿದ್ರಿ. ಒಂದು ಮಾತಾಡಿದ್ರೆ ಗೊತ್ತಾಗ್ತಿತ್ತು."

"ಅದಕ್ಕೇ ಆಡಲಿಲ್ಲ. ನಿಮಗೆ ಇಷ್ಟವಾಗಿದ್ದು ಆ ದನಿ. ನಾನು... ಇಷ್ಟೇ."

ಅವನು ಬೆಂಚಿನ ತುದಿಯಲ್ಲಿ ಕುಳಿತ.

"ನಿಜ ಹೇಳ್ಲಾ? ಆ ಸಭೆಯಾದ ಮೇಲೆ ನನಗೆ ಎರಡು ಚಿಂತೆ. ಒಂದು, ಮಾತೇ ಆಡದ ಆ ಹುಡುಗಿ ಯಾಕೆ ಮತ್ತೆ ಮತ್ತೆ ನೆನಪಾಗ್ತಾಳೆ ಅಂತ. ಇನ್ನೊಂದು, ಒಂದು ಯಂತ್ರದ ದನಿ ಕೇಳದೆ ನಿದ್ದೆ ಯಾಕೆ ಬರಲ್ಲ ಅಂತ. ಮನೇಲಿ ನಮ್ಮಕ್ಕನಿಗೂ ಹೇಳಿರಲಿಲ್ಲ. ಹೇಳಿದ್ರೆ ಸೀದಾ ಡಾಕ್ಟರ್ ಹತ್ರ ಎಳ್ಕೊಂಡು ಹೋಗೋಳು." ಅವನು ತಲೆ ಎತ್ತಿದ. "ಇಬ್ಬರಲ್ಲಿ ಯಾರನ್ನ ಬಿಡೋದು ಅಂತ ಒದ್ದಾಡ್ತಿದ್ದೆ ಕಣ್ರೀ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಕಣ್ಣು ಮುಚ್ಚಿ ಅದನ್ನು ಕೇಳಿದ. ತೆರೆದಾಗ ಅವಳು ಅಲ್ಲೇ ಇದ್ದಳು.

"ಆರು ಊರಿಗೆ ಒಬ್ಬಳೇ ಹೋಗೋಕೆ ನಂಗೆ ಭಯ ಆಗತ್ತೆ ಮೇಷ್ಟ್ರೇ," ಎಂದಳು.

"ನಾನು ಬರಲಾ?"

ಈ ಸಲ ಅವಳು ತಲೆಯಾಡಿಸಲಿಲ್ಲ. "ಬನ್ನಿ," ಎಂದಳು, ಬಾಯಿ ತುಂಬ.