ಸವೆಯದ ಡ್ರಮ್ಮಿನ ಗುಟ್ಟು

“ಸುಘೋಷಣ್ಣ, ನೀವು ಕೊಟ್ಟ ಡ್ರಮ್ಮಿನ ಗತಿ ನೋಡಿ ಬನ್ನಿ!”

ದೀಪಶ್ರೀ ಕೂಗಿದಾಗ ಕಾಫಿ ಲೋಟ ಕೆಳಗಿಟ್ಟು ಓಡಿದೆ. ಶಿವಮೊಗ್ಗದಲ್ಲಿ ಅವಳ ಗ್ಯಾರೇಜಿನ ಪಕ್ಕದಲ್ಲೇ ನನ್ನ ಬಿಡಿಭಾಗಗಳ ಅಂಗಡಿ. ಹಳೆಯ ಮಾರುತಿ ಕಾರಿನ ಹಿಂದಿನ ಎರಡೂ ಚಕ್ರ ಬಿಚ್ಚಿ, ಅವುಗಳೊಳಗಿನ ಬ್ರೇಕ್ ಡ್ರಮ್ಮುಗಳನ್ನು ಅಂಗಾತ ಇಟ್ಟಿದ್ದಳು. ಬಾಣಲೆಯಂಥ ಕಬ್ಬಿಣದ ಡ್ರಮ್ಮುಗಳು. ಎಡಗಡೆಯದರ ಒಳಮೈ ಗೀರು ಬಿದ್ದು ಸವೆದುಹೋಗಿತ್ತು—ಯುಗಾದಿಗೆ ತಾನೇ ಹಾಕಿದ ಹೊಸ ಮಾಲು! ಬಲಗಡೆಯದನ್ನು ಆಗ ಬಿಚ್ಚಿಯೇ ಇರಲಿಲ್ಲ. ಹಳೆಯದಾದರೂ ಅದಕ್ಕೆ ಸವೆತವೇ ಇಲ್ಲ.

“ಡೂಪ್ಲಿಕೇಟ್ ಅಲ್ಲ ಮಾರಾಯ್ತಿ!” ಎಂದೆ. ಯಾರೂ ಇನ್ನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ದೀಪಶ್ರೀ ನಕ್ಕಳು. ಕಾರಿನ ಒಡತಿ ಸಂಧ್ಯಾ ನಗಲಿಲ್ಲ.

ಸಂಧ್ಯಾ ಭದ್ರಾವತಿಯವಳು. ಶಾಲೆಯ ಸಮವಸ್ತ್ರ ಹೊಲಿದು, ಗಂಟು ಕಟ್ಟಿ, ತಾನೇ ಕಾರಿನಲ್ಲಿ ಶಿವಮೊಗ್ಗದ ಅಂಗಡಿಗಳಿಗೆ ತಲುಪಿಸುತ್ತಾಳೆ. ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ. ಈಗೀಗ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಮೊನ್ನೆ ಒಬ್ಬ ಸೈಕಲ್ಲಿನವನು ಕೂದಲೆಳೆಯಲ್ಲಿ ಪಾರಾಗಿದ್ದ.

“ಭಾನುವಾರ ಕುಂಸಿಯಿಂದ ಗಿರಾಕಿ ಬರ್ತಾರೆ. ಕಾರ್ ಕೊಟ್ಬಿಡೋಣ ಅಂತಿದಾರೆ ನಮ್ಮನೆಯವ್ರು. ನಂಗೇ ಓಡ್ಸೋಕೆ ಬರಲ್ಲ ಅನ್ಸುತ್ತೆ, ಬಿಡಿ,” ಎಂದಳು.

ಆ ದನಿ ಕೇಳಿ ನನಗೆ ಸಂಕಟವಾಯಿತು. ದೀಪಶ್ರೀ ಮಾತ್ರ ಪೊಲೀಸಿನವಳ ಹಾಗೆ ಎದುರಿಗೆ ಕೂತಳು.

“ಹ್ಯಾಂಡ್ ಬ್ರೇಕ್ ಎಳೆದಿಟ್ಟೇ ಓಡ್ಸಿದ್ರಾ?”

“ಇಲ್ಲ.”

“ಬೇರೆ ಯಾರಾದ್ರೂ ಚಕ್ರ ಬಿಚ್ಚಿದ್ರಾ?”

“ಇಲ್ಲಪ್ಪ.”

“ಮನೇಲಿ ಯಾರ್ ಯಾರಿದೀರಿ?”

“ನಾವಿಬ್ರು, ನಮ್ಮತ್ತೆ.” ಸಂಧ್ಯಾ ತಡೆದು ಹೇಳಿದಳು, “ಅತ್ತೆಗೆ ನಾನು ಕಾರ್ ಓಡ್ಸೋದು ಕಂಡ್ರೆ ಆಗಲ್ಲ. ಒಂದಿನಾನೂ ಅದ್ರಲ್ಲಿ ಕೂತಿಲ್ಲ.”

ದೀಪಶ್ರೀ ಎದ್ದಳು. ಸವೆದ ಡ್ರಮ್ಮನ್ನು ಪಕ್ಕಕ್ಕೆ ತಳ್ಳಿ, ಸವೆಯದ ಡ್ರಮ್ಮಿನೊಳಗೆ ಬೆರಳಾಡಿಸಿದಳು. ಬೆರಳು ಸುಯ್ಯನೆ ಜಾರಿತು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೀನಿ ಸುಘೋಷಣ್ಣ! ಎಡಗಡೇದು ಯಾಕೆ ಸವೀತು ಅಂತ ತಲೆ ಕೆಡಿಸ್ಕೊಂಡೆ. ಬಲಗಡೇದು ಯಾಕೆ ಸವೀಲಿಲ್ಲ ಅಂತ ಕೇಳ್ಲೇ ಇಲ್ಲ. ಇದು ಕೆಲ್ಸಾನೇ ಮಾಡ್ತಿಲ್ಲ. ಒಳಗೆಲ್ಲ ಎಣ್ಣೆ!”

“ಬ್ರೇಕ್ ಆಯಿಲ್ ಸೋರಿರ್ಬೇಕು,” ಎಂದೆ.

“ಸೋರಿದ್ರೆ ಡಬ್ಬೀಲಿ ಇಳೀಬೇಕಿತ್ತು. ತುಂಬಿದೆ, ನೋಡಿ.”

“ಗೇರ್ ಆಯಿಲ್?”

“ಈ ಕಾರಿಗೆ ಎಂಜಿನ್ನು, ಗೇರು ಎಲ್ಲಾ ಮುಂದೆ. ಹಿಂದಿನ ಚಕ್ರಕ್ಕೆ ಎಲ್ಲಿಂದ ಬರುತ್ತೆ?”

“ಮತ್ತೆ?”

“ಹೊರಗಿಂದ ಬಂದಿದೆ.” ಬೆರಳನ್ನು ನನ್ನ ಮೂಗಿಗೇ ಹಿಡಿದಳು.

ಮೂಸಿದೆ. ಚಿಕ್ಕಂದಿನಲ್ಲಿ ನಮ್ಮಜ್ಜಿ ನೆತ್ತಿಗೆ ಒತ್ತುತ್ತಿದ್ದ ಎಣ್ಣೆ—ಹರಳೆಣ್ಣೆ! ಡ್ರಮ್ಮಿನ ಮುಖದಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಡ್ರಮ್ಮು ಬಿಗಿದು ಕೂತಾಗ ಬೋಲ್ಟ್ ಕೊಟ್ಟು ಎಬ್ಬಿಸಲು ಮಾಡಿದವು. ಚಕ್ರದ ಕಂಡಿಯಲ್ಲಿ ಕೈ ತೂರಿಸಿದರೆ ಸಿಗುತ್ತವೆ. ಅವುಗಳ ಸುತ್ತ ಇನ್ನೂ ಹಸಿ ಎಣ್ಣೆ ಇತ್ತು.

ಸಂಧ್ಯಾಳ ಮುಖ ಬಿಳುಚಿತು. “ಹರಳೆಣ್ಣೆ ಸೀಸೆ ಇರೋದು ಅತ್ತೆ ಹತ್ರ. ಅಷ್ಟೊಂದು ಕೋಪಾನಾ ನನ್ ಮೇಲೆ?”

“ಮನೇಲಿ ಕಾರ್ ಹೇಗೆ ನಿಲ್ಲಿಸ್ತೀರಿ?” ದೀಪಶ್ರೀಯ ಪ್ರಶ್ನೆ ಅಷ್ಟೇ.

“ಎಡಗಡೆ ಕಾಂಪೌಂಡ್ ಗೋಡೆಗೆ ಒತ್ತಿ. ಜಾಗ ಇಲ್ವಲ್ಲ.”

ದೀಪಶ್ರೀ ತಲೆಯಾಡಿಸಿದಳು. ಬಲಗಡೆಯ ಡ್ರಮ್ಮು ತೊಳೆದು, ಎಡಗಡೆಗೆ ನನ್ನ ಅಂಗಡಿಯಿಂದಲೇ ಬೇರೆ ಡ್ರಮ್ಮು ತಂದು, ಡ್ರಮ್ಮನ್ನು ಒಳಗಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗಳನ್ನು ಎರಡೂ ಕಡೆ ಹೊಸದಾಗಿ ಹಾಕಿ, ಸಂಜೆಯೊಳಗೆ ಅದೇ ಕಾರಿನಲ್ಲಿ ನಮ್ಮನ್ನೂ ಕೂರಿಸಿಕೊಂಡು ಭದ್ರಾವತಿಗೆ ಹೊರಟಳು. ಸ್ಟಿಯರಿಂಗ್ ಹಿಡಿಯಲು ಸಂಧ್ಯಾ ಒಪ್ಪಲಿಲ್ಲ.

ಮನೆ ಮುಂದೆ ಬೀದಿಯಲ್ಲೇ ಕಾರು ನಿಲ್ಲಿಸಿದೆವು. ಅತ್ತೆ ಹಾಲಮ್ಮ ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದರು.

“ಅಜ್ಜಿ, ಈ ಕಾರಿಗೆ ಎಣ್ಣೆ ಹಾಕೋರು ಯಾರು?”

“ನಾನೇ ಕಣವ್ವ, ಇನ್ಯಾರು?” ಹಾಲಮ್ಮನ ಮುಖ ಅರಳಿತು. “ಇವ್ಳು ಹೊರಡೋ ಮುಂಚೆ ಹಾಕ್ತೀನಿ. ಹೊಳೆಹೊನ್ನೂರಲ್ಲಿ ನಮ್ಮೆಜಮಾನ್ರು ಕಬ್ಬಿನ ಗಾಡಿ ಹೊಡೀತಿದ್ರು. ಕೀಲೆಣ್ಣೆ ಹಾಕ್ದೆ ಗಾಡಿ ಕಳ್ಸಿದೋಳಲ್ಲ ನಾನು. ಇವ್ಳ ಹೊಲಿಗೆ ಮಿಷನ್ನಿಗೂ ತೂತಲ್ಲೇ ಅಲ್ವಾ ಎಣ್ಣೆ ಬಿಡೋದು? ಇದ್ಕೂ ತೂತಿತ್ತು, ಬಿಟ್ಟೆ. ಆಚೆ ಕಡೆ ಗೋಡೆ, ಕೈ ಹೋಗಲ್ಲ. ಒಂದ್ಕಡೆನಾದ್ರೂ ಆಗ್ಲಿ ಅಂತ.”

“ಇವ್ರು ಕಾರ್ ಓಡ್ಸೋದು ನಿಮಗೆ ಇಷ್ಟ ಇಲ್ವಂತೆ?”

“ಭಯ ಕಣವ್ವ. ಲಾರಿ ಓಡಾಡೋ ರೋಡು. ಬೇಡ ಅಂದ್ರೆ ಕೇಳ್ತಾಳಾ? ಅದಕ್ಕೇ ಎಣ್ಣೆ.”

ಸಂಧ್ಯಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ದೀಪಶ್ರೀ ಮುದುಕಿಯ ಪಕ್ಕ ಕೂತು ಮೆಲ್ಲಗೆ ಬಿಡಿಸಿ ಹೇಳಿದಳು: “ಕಳ್ಳ ನಿಮ್ಮ ಹರಳೆಣ್ಣೆ ಅಜ್ಜಿ. ಗಾಡಿ ಅಚ್ಚಿಗೆ ಎಣ್ಣೆ ಬೇಕು. ಬ್ರೇಕು ಒಣಗೇ ಇರ್ಬೇಕು. ನಿಮ್ಮ ಕೈಗೆ ಸಿಕ್ಕಿದ ಬಲಗಡೆ ಜಾರ್ತು. ಹಿಡಿಯೋ ಭಾರವೆಲ್ಲ ಎಡಗಡೆ ಮೇಲೆ ಬಿತ್ತು. ಅದು ಸವೀತು, ಕಾರು ಎಡಕ್ಕೆ ಎಳೀತು. ಇವ್ರ ಡ್ರೈವಿಂಗಲ್ಲಿ ಏನೂ ತಪ್ಪಿಲ್ಲ.”

ಹಾಲಮ್ಮನ ಕೈಯಿಂದ ಸೊಪ್ಪು ಜಾರಿತು. “ಅಂದ್ರೆ... ಇವ್ಳ ಜೀವಕ್ಕೆ ನಾನೇ ಮುಳುವಾಗಿದ್ನಾ?”

“ಹಂಗನ್ಬೇಡಿ ಅತ್ತೆ. ನಾನೇ ಏನೇನೋ ಅಂದ್ಕೊಂಡ್ಬಿಟ್ಟಿದ್ದೆ.” ಸಂಧ್ಯಾ ಒಳಗಿನಿಂದ ಎಣ್ಣೆ ಸೀಸೆ ತಂದಳು. ಅತ್ತೆಯ ಕೈ ಹಿಡಿದು ಕಾರಿನ ಹತ್ತಿರ ಕರೆದೊಯ್ದು ಬಾಗಿಲು ತೆರೆದಳು. ಅದು ಕಿರ್ ಎಂದಿತು. “ಇನ್ಮೇಲೆ ಇಲ್ಲಿ ಹಾಕಿ. ಈ ಕೀಲಿಗೆ ಎಣ್ಣೆ ಬೇಕೇ ಬೇಕು.”

ಹಾಲಮ್ಮ ಅನುಮಾನದಿಂದ ದೀಪಶ್ರೀಯನ್ನು ನೋಡಿದರು. ಅವಳು ಹೂಂ ಎಂದಳು. ಎರಡು ಹನಿ ಬಿತ್ತು. ಬಾಗಿಲು ಸದ್ದಿಲ್ಲದೆ ಆಡಿತು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಮುದುಕಿ ಸೀಸೆಯನ್ನು ನನ್ನ ಕೈಗಿತ್ತು, ಕಾರನ್ನು ಸುತ್ತಿ ಬಂದು, ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು.

“ಎಣ್ಣೆ ಹಾಕಿದೋಳು ನಾನು. ಬ್ರೇಕು ಹಿಡಿಯುತ್ತೋ ಇಲ್ವೋ, ಮೊದ್ಲು ನಾನೇ ನೋಡ್ತೀನಿ. ಕುಂಸಿಯೋರಿಗೆ ಬರ್ಬೇಡಿ ಅಂತ ಫೋನ್ ಮಾಡು ಅಂತೀನಿ ನಿನ್ ಗಂಡಂಗೆ. ನಡಿ, ಹೊರಡ್ಸು.”

ಸಂಧ್ಯಾ ಸ್ಟಿಯರಿಂಗ್ ಹಿಡಿದಳು. ಬೀದಿಯ ತುದಿಯ ರಸ್ತೆ ಉಬ್ಬಿನ ಮುಂದೆ ಕಾರು ಎಡಕ್ಕೂ ಎಳೆಯದೆ, ಬಲಕ್ಕೂ ಎಳೆಯದೆ, ನೆಟ್ಟಗೆ ನಿಂತಿತು.