ಮೊದಲ ನೀರು

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಏಳು ಐವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಬಸ್ ಚಾಲಕನ ಕೈಯಲ್ಲಿ ಮಗಳ ಶಾಲೆಯ ನೀರಿನ ಬಾಟಲಿ ಇತ್ತು. ಖಾಕಿ ಅಂಗಿಯ ಎದೆಯ ಮೇಲೆ ವಾಂತಿಯ ಕಲೆ ಇನ್ನೂ ಒಣಗಿರಲಿಲ್ಲ.

"ಇದನ್ನ ಕುಡಿದು ನನ್ನ ಮಗಳು ಆಸ್ಪತ್ರೆಯಲ್ಲಿದಾಳೆ ಮೇಡಂ. ಯಾರೋ ಟ್ಯಾಂಕಿಗೆ ಏನೋ ಹಾಕಿದಾರೆ."

ಇನ್‌ಸ್ಪೆಕ್ಟರ್ ತನ್ನ ಚಹಾದ ಬಸಿಯನ್ನು ಒರೆಸಿ ಅದಕ್ಕೆ ನಾಲ್ಕು ಚಮಚೆಯಷ್ಟು ನೀರು ಬಗ್ಗಿಸಿದಳು. ಬಿಳಿ ಪಿಂಗಾಣಿಯ ಮೇಲೆ ನೀರು ತೆಳು ನೀಲಿಯಾಗಿ ಕಂಡಿತು.

"ಎಷ್ಟು ಗಂಟೆಗೆ ಕುಡಿದಿದ್ದು?"

"ಆರೂವರೆಗೆ. ನಲ್ಲಿ ತಿರುಗಿಸಿದ್ದೇ ಬಾಟಲಿ ಹಿಡಿದಳು. ಸ್ವಲ್ಪ ಹೊತ್ತು ಹಾಗೇ ಬಿಡು, ರಾತ್ರಿಯಿಡೀ ನಿಂತ ನೀರು ಅಂದ್ರೆ ಕೇಳೋಳಲ್ಲ. ಒಂದು ಗುಟುಕು ಕುಡಿದು, ಅಪ್ಪಾ ಕಹಿ ಅಂದ್ಲು." ಚಾಲಕ ಬಾಟಲಿಯ ಮುಚ್ಚಳವನ್ನೇ ನೋಡುತ್ತಿದ್ದ. "ಶಾಲೆ ತಪ್ಪಿಸೋ ನಾಟಕ ಬೇಡ, ಕುಡಿ ಅಂತ ಗದರಿಸಿದೆ. ಅರ್ಧ ಬಾಟಲಿ ಕುಡಿಸಿದ್ದು ನಾನೇ."

ಎಂಟು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು: ಕುಡಿಯುವ ನೀರನ್ನು ವಿಷಪೂರಿತಗೊಳಿಸಿದ ಆರೋಪ, ಆರೋಪಿ ಅಪರಿಚಿತ. ಮುಖ್ಯ ಕವಾಟ ಮುಚ್ಚಿಸಿ ಮನೆ ಮನೆಗೂ ಎಚ್ಚರಿಕೆ ಹೇಳಲು ಒಬ್ಬ ಕಾನ್‌ಸ್ಟೇಬಲ್ ಮೋಟಾರ್ ಸೈಕಲ್ಲಿನಲ್ಲಿ ಹೋದ. ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಫೋನ್ ಮಾಡಿ ನೀರು ನೀಲಿಯಾಗಿದೆ ಎಂದಳು. ವೈದ್ಯೆಗೆ ಮಾತು ಬೆಳೆಸುವ ತಾಳ್ಮೆ ಇರಲಿಲ್ಲ.

"ಕಕ್ಕಸು ತೊಳೆಯೋ ನೀಲಿ ಆ್ಯಸಿಡ್ಡಾ, ಬಟ್ಟೆಗೆ ಹಾಕೋ ನೀಲಿಯಾ, ಬೇರೇನಾದ್ರೂ ಇದೆಯಾ? ಒಂದೊಂದಕ್ಕೂ ಚಿಕಿತ್ಸೆ ಬೇರೆ. ಊಹೆ ಮೇಲೆ ಔಷಧ ಕೊಡೋಕಾಗಲ್ಲ. ಮೂತ್ರ ಕಡಿಮೆ ಆಗ್ತಿದೆ. ಲ್ಯಾಬ್ ವರದಿ ಬರೋದು ನಾಳೆ."

"ನನಗೆ ಎಷ್ಟು ಹೊತ್ತಿದೆ?"

"ಮಧ್ಯಾಹ್ನದೊಳಗೆ ಹೆಸರು ಹೇಳಿ."

ಚಾಲಕ ವಾಸವಿದ್ದ ವಸತಿ ಸಮುಚ್ಚಯ: ನಾಲ್ಕು ಅಂತಸ್ತು, ಮೂವತ್ತೆರಡು ಮನೆ, ತಾರಸಿಯ ಮೇಲೆ ಮೂವತ್ತು ಸಾವಿರ ಲೀಟರಿನ ಒಂದು ಟ್ಯಾಂಕು. ಜೀಪು ಹೋಗಿ ನಿಂತಾಗ ಅಂಗಳದಲ್ಲಿ ಜನ ಆಗಲೇ ತೀರ್ಪು ಕೊಟ್ಟಾಗಿತ್ತು. ಎಲ್ಲರ ಬಾಯಲ್ಲೂ ಒಬ್ಬನೇ: ಮೂರನೇ ಅಂತಸ್ತಿನ ಪೈಪಣ್ಣ. ದಿನಾ ಪೈಪು ಹಿಡಿದು ಕಾರು ತೊಳೆಯುತ್ತಿದ್ದವನು. ನಿವಾಸಿಗಳ ಸಂಘದವರು ಹೋದ ವಾರ ಆ ಪೈಪನ್ನು ಕಿತ್ತುಕೊಂಡಿದ್ದರು. "ನನಗಿಲ್ಲದ ನೀರನ್ನ ಯಾರು ಕುಡೀತೀರೋ ನೋಡ್ತೀನಿ" ಎಂದು ಅವನು ಕೂಗಾಡಿದ್ದನ್ನು ಕೇಳದ ಕಿವಿ ಅಲ್ಲಿರಲಿಲ್ಲ. ಸಾಲದ್ದಕ್ಕೆ ಅವನದು ಫಿನಾಯಿಲು, ಕಕ್ಕಸಿನ ಆ್ಯಸಿಡ್ಡು ಮಾರುವ ಅಂಗಡಿ.

"ಒಳಗೆ ಹಾಕೋಣ ಮೇಡಂ, ಬಾಯಿ ತಾನಾಗೇ ಬಿಡ್ತಾನೆ," ಎಂದ ಹೆಡ್ ಕಾನ್‌ಸ್ಟೇಬಲ್. ಪಂಚನಾಮೆ ಬರೆಯುವುದರಲ್ಲಿ ಎತ್ತಿದ ಕೈ ಎಂದು ಠಾಣೆಯವರೆಲ್ಲ ಅವನನ್ನು ಪಂಚನಾಮೆ ಮಾಮ ಎನ್ನುತ್ತಿದ್ದರು.

"ಮಾಮ, ಬಾಯಿ ಬಿಟ್ಟು ಸುಳ್ಳು ಹೇಳಿದ್ರೆ? ಆ ಮಗುಗೆ ಸುಳ್ಳಿನ ಔಷಧ ಕೊಡಿಸ್ತೀರಾ?"

ಪೈಪಣ್ಣನ ಮುಖ ಬಿಳಿಚಿಕೊಂಡಿತ್ತು. "ಕೋಪದಲ್ಲಿ ಅಂದೆ, ನಿಜ. ಆದ್ರೆ ತಾರಸಿ ಬೀಗದ ಕೈ ನನ್ನತ್ರ ಎಲ್ಲಿದೆ? ಅದು ಹನಿಯಜ್ಜನ ಸೊಂಟ ಬಿಟ್ಟು ಕೆಳಗಿಳಿಯಲ್ಲ. ಸ್ನಾನಕ್ಕೂ ಕಟ್ಕೊಂಡೇ ಹೋಗ್ತಾನೆ ಮುದುಕ."

"ನಿನ್ನೆ ನೀವು ಇದೇ ನೀರು ಕುಡಿದಿರಾ?"

"ಕುಡಿದೆ. ಮನೆಮಂದಿಯೆಲ್ಲ ಕುಡಿದ್ವಿ. ಏನೂ ಆಗಲಿಲ್ಲ."

ಹನಿಯಜ್ಜ ಪಂಪ್ ನೋಡಿಕೊಳ್ಳುವವನು. ಸೋರುವ ನಲ್ಲಿಗೆ ಕರೆಯದೆಯೇ ಹೋಗಿ ವಾಷರ್ ಹಾಕುವವನು, ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಿದಿರಾ ಎಂದು ಬಾಗಿಲಲ್ಲೇ ವಿಚಾರಿಸುವವನು. ಹೆಂಗಸರು ಅವನ ಬೆನ್ನ ಹಿಂದೆ ನಗುತ್ತಿದ್ದರು, ಮಕ್ಕಳು ಅವನ ಹಿಂದೆಯೇ ಓಡಾಡುತ್ತಿದ್ದರು. ಈಗ ಅವನು ಬೀಗ ತೆಗೆದು ಅವರನ್ನು ತಾರಸಿಗೆ ಹತ್ತಿಸಿದ.

ಒಂಬತ್ತು ನಲವತ್ತಕ್ಕೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಬೀಗ ಒಡೆದ ಗುರುತಿಲ್ಲ. ಟ್ಯಾಂಕಿನ ಮುಚ್ಚಳ ಸರಿಯಾಗಿದೆ. ಮೂರು ಬಾಟಲಿಗಳಲ್ಲಿ ನೀರಿನ ಮಾದರಿ ತೆಗೆದು ಮೊಹರು ಮಾಡಲಾಯಿತು. ಇನ್‌ಸ್ಪೆಕ್ಟರ್ ಟಾರ್ಚ್ ಬಿಟ್ಟು ಒಳಗೆ ಇಣುಕಿದಳು. ಗೋಡೆಗೆ ಬೆರಳ ದಪ್ಪ ಪಾಚಿ, ಕಂದಿ ಸುಲಿಯುತ್ತಿತ್ತು.

"ಇದನ್ನ ಕೊನೇ ಸಲ ತೊಳೆದಿದ್ದು ಯಾವಾಗ ಅಜ್ಜಾ?"

"ಭಾನುವಾರ. ಸಂಘದವರು ಹೇಳಿದ್ರು, ಖಾಲಿ ಮಾಡಿ ತೊಳೆದೆ. ರಿಜಿಸ್ಟರಲ್ಲಿ ಬರೆದಿದೀನಿ."

"ಎರಡೇ ದಿನಕ್ಕೆ ಇಷ್ಟು ಪಾಚಿನಾ?"

"ಬಿಸಿಲಲ್ಲವಾ ಮೇಡಂ."

ಪಂಪಿನ ಕೋಣೆಯಲ್ಲಿ ಒಂದು ಸ್ಟೂಲು, ಒಂದು ಮೊಳೆಯಲ್ಲಿ ವಾಷರುಗಳ ಸರ, ಗೋಡೆಗೆ ಮೀಟರು. ಬಾಗಿಲ ಒಳಮೈಗೆ ಮಗುವೊಂದು ಬರೆದ ಚಿತ್ರವನ್ನು ಅಂಟಿಸಲಾಗಿತ್ತು: ನಲ್ಲಿ, ಬಕೆಟ್ಟು, ಕೆಳಗೆ ಸೊಟ್ಟ ಅಕ್ಷರದಲ್ಲಿ "ಮೊದಲ ನೀರು ಚೆಲ್ಲಬೇಡಿ."

ಇನ್‌ಸ್ಪೆಕ್ಟರ್ ರಿಜಿಸ್ಟರ್ ಬಿಡಿಸಿದಳು. ಅಚ್ಚುಕಟ್ಟಾದ ಕೈಬರಹ. ಒಂಬತ್ತನೇ ತಾರೀಕು, ಭಾನುವಾರ: "ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆದು ತುಂಬಿಸಲಾಗಿದೆ." ಪಕ್ಕದ ಅಂಕಣದಲ್ಲಿ ದಿನವೂ ಪಂಪು ಮೇಲೆತ್ತಿದ ನೀರಿನ ಲೆಕ್ಕ. ಶನಿವಾರ ಹದಿನಾರು ಸಾವಿರ ಲೀಟರ್. ಭಾನುವಾರ ಹದಿನೇಳು. ಸೋಮವಾರ ಹದಿನೈದು.

ಆಕೆ ಎರಡು ಸಲ ಓದಿದಳು. ಗೋಡೆಯ ಮೀಟರಿನೊಂದಿಗೆ ಹೋಲಿಸಿದಳು. ಲೀಟರಿಗೆ ಲೀಟರ್ ಸರಿಯಿತ್ತು.

ಹನ್ನೊಂದು ಗಂಟೆ. ಫೋನ್ ಬಡಿದುಕೊಂಡಿತು. ವೈದ್ಯೆ ಒಂದೇ ಮಾತು ಕೇಳಿದಳು: "ಸಿಕ್ತಾ?" ಇನ್ನೂ ಇಲ್ಲ ಎಂದು ಫೋನ್ ಇಟ್ಟು, ಇನ್‌ಸ್ಪೆಕ್ಟರ್ ಅಜ್ಜನನ್ನು ಸ್ಟೂಲಿನ ಮೇಲೆ ಕೂರಿಸಿದಳು.

"ಮೂವತ್ತು ಸಾವಿರ ಲೀಟರ್ ಚೆಲ್ಲಿದ್ರೆ ಮತ್ತೆ ಮೂವತ್ತು ಸಾವಿರ ತುಂಬಿಸ್ಬೇಕು. ದಿನದ ಬಳಕೆ ಬೇರೆ. ಇಲ್ಲಿ ಹದಿನೇಳೇ ಇದೆ. ತೊಳೆದೆ ಅಂತ ಸುಳ್ಳು ಬರೆದವರಿಗೆ ಅಂಕಿನೂ ಸುಳ್ಳು ಬರೆಯೋಕಾಗಲಿಲ್ವಾ?"

ಅಜ್ಜ ಗೋಡೆಯ ಮೀಟರಿನ ಕಡೆ ನೋಡಿದ.

"ಏನು ಹಾಕಿದ್ರಿ?"

"ನಾನೇನೂ ಹಾಕಿಲ್ಲ. ನಿನ್ನೆ ನಾನೂ ಇದೇ ನೀರು ಕುಡಿದಿದೀನಿ. ಎರಡು ಲೋಟ."

"ನಿನ್ನೆ ಏನೂ ಆಗಿಲ್ಲ. ಮಾಮ ವಿಚಾರಿಸಿದಾರೆ, ಇವತ್ತು ಕೆಳಗಿನ ಮನೆಗಳೆಲ್ಲ ನಲ್ಲೀನ ಎರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಹಿಡಿದಿದಾರೆ. ಚೆಲ್ಲದೆ ಹಿಡಿದೋಳು ಒಬ್ಬಳೇ." ಇನ್‌ಸ್ಪೆಕ್ಟರ್ ಬಾಗಿಲಿನ ಚಿತ್ರದ ಕಡೆ ಕೈ ತೋರಿದಳು. "ಇದನ್ನ ಬರೆದಿದ್ದು ಯಾರು ಅಜ್ಜಾ?"

ಅಜ್ಜ ಚಿತ್ರ ನೋಡಿದ. ಚಾಲಕನ ಮಗಳು ಬರೆದು ತಂದುಕೊಟ್ಟ ಚಿತ್ರ ಅದು.

"ಕಹಿ ಅಂದಳಂತೆ. ಆದ್ರೂ ಚೆಲ್ಲಲಿಲ್ಲ. ಬೇಗ ಹೇಳಿ. ಅಲ್ಲಿ ಔಷಧ ಕೈಯಲ್ಲಿ ಹಿಡ್ಕೊಂಡು ಕಾಯ್ತಿದಾರೆ."

"ಮೈಲುತುತ್ತ," ಎಂದ ಅಜ್ಜ. "ಪಾಚಿಗೆ ಹಾಕೋ ಮೈಲುತುತ್ತ."

ಇನ್‌ಸ್ಪೆಕ್ಟರ್ ಆಗಲೇ ಫೋನ್ ಒತ್ತಿದ್ದಳು. ಹನ್ನೊಂದು ಇಪ್ಪತ್ತೈದು. ಮಾಮ ಡೈರಿಯಲ್ಲಿ ಸಮಯ ಬರೆದುಕೊಂಡ.

ಉಳಿದದ್ದು ತಾನಾಗಿಯೇ ಬಂತು. ಹರಳುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಭಾನುವಾರ ನೀರಿನ ಮೇಲ್ಭಾಗದಲ್ಲಿ ಇಳಿಬಿಟ್ಟಿದ್ದ. ತೂಗಿಯೇ ಹಾಕಿದ್ದ, ಸೋಮವಾರ ಬೆಳಿಗ್ಗೆ ತೆಗೆಯಬೇಕೆಂದಿದ್ದ. ಹೋಗಿ ನೋಡಿದರೆ ದಾರ ಕಡಿದಿತ್ತು, ಚೀಲ ಇರಲಿಲ್ಲ. ಚೀಲ ತಳಕ್ಕಿಳಿದು ಹರಳೆಲ್ಲ ಕರಗಿ ಹೋಯಿತೆಂದುಕೊಂಡ.

ಅವನು ಇಳಿಬಿಟ್ಟ ಜಾಗದ ಸುತ್ತ, ಪಂಚರ ಎದುರಿಗೇ, ತಳಕ್ಕೆ ಕೊಕ್ಕೆ ಹಾಕಿ ಚೀಲವನ್ನು ಎತ್ತಲಾಯಿತು. ಅದು ಸೋಮವಾರವಿಡೀ ನೀರಿನ ಸೆಳೆತಕ್ಕೆ ಸರಿಯುತ್ತ ಹೋಗಿ, ಕೆಳಗಿನ ಮನೆಗಳಿಗೆ ನೀರಿಳಿಯುವ ಪೈಪಿನ ಬಾಯಿಗೆ ಸಿಕ್ಕಿಕೊಂಡಿತ್ತು. ಒಳಗೆ ಇನ್ನೂ ಮುಷ್ಟಿಯಷ್ಟು ನೀಲಿ ಹರಳು. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿಗೆ ಅದು ಇಳಿಯುತ್ತಲೇ ಇತ್ತು.

"ಬೆಳಿಗ್ಗೇನೇ ಯಾಕಯ್ಯಾ ಹೇಳಲಿಲ್ಲ?" ಮಾಮನ ದನಿ ಏರಿತು. "ಅವಳನ್ನ ಎತ್ಕೊಂಡು ಓಡಿದ್ದು ನಿನ್ನ ಕಣ್ಣೆದುರಿಗೇ ಅಲ್ವಾ?"

"ಹೆದರಿದೆ. ಜನ ಪೈಪಣ್ಣ ಅಂದ್ರು. ಸುಮ್ನಾದೆ."

ಹನ್ನೆರಡು ನಲವತ್ತಕ್ಕೆ ಬಂಧನ. ಅವನನ್ನು ಜೀಪಿಗೆ ಹತ್ತಿಸುವಾಗ ಅಂಗಳದಲ್ಲಿ ಯಾರೂ ಬೈಯಲಿಲ್ಲ.

ಐದು ಗಂಟೆಗೆ ವೈದ್ಯೆಯ ಫೋನ್ ಬಂತು. ಔಷಧ ಹಿಡಿಯುತ್ತಿದೆ, ಕಿಡ್ನಿ ತಡೆದುಕೊಂಡಿದೆ, ಇನ್ನೆರಡು ದಿನ ನೋಡಬೇಕು. ಇನ್‌ಸ್ಪೆಕ್ಟರ್ ಅದನ್ನು ಲಾಕಪ್ಪಿನ ಹತ್ತಿರ ಹೋಗಿ ಹೇಳಿದಳು. ಅಜ್ಜ ಕಂಬಿ ಹಿಡಿದು ಕೂತೇ ಕೇಳಿಸಿಕೊಂಡ.

ಅವನ ಹೇಳಿಕೆಯ ಕೊನೆಯ ಪುಟದಲ್ಲಿ ಮಾಮ ಹೀಗೆ ಬರೆದಿದ್ದ: ಆರೋಪಿಯು ಪ್ರಾಯದಲ್ಲಿ ಹದಿನಾಲ್ಕು ವರ್ಷ ನೀರಿನ ಟ್ಯಾಂಕರ್ ಲಾರಿಯ ಕ್ಲೀನರ್ ಆಗಿದ್ದನು. ಟ್ಯಾಂಕರ್ ಬರಿದಾದಾಗ ಪೈಪು ಸುತ್ತಿ ಎತ್ತುವುದು ಅವನ ಕೆಲಸ. ಪ್ರತಿ ದಿನವೂ ಸಾಲಿನಲ್ಲಿ ಖಾಲಿ ಕೊಡ ಹಿಡಿದವರು ಉಳಿದಿರುತ್ತಿದ್ದರು. ಟ್ಯಾಂಕ್ ತೊಳೆಯಲು ಕವಾಟ ತೆರೆಯಹೋದಾಗ ತನ್ನ ಕೈ ತಿರುಗಲಿಲ್ಲ ಎನ್ನುತ್ತಾನೆ.

ಹೇಳಿಕೆಯನ್ನು ಓದಿ ಹೇಳಿದ ಮೇಲೆ ಅಜ್ಜ ಪೆನ್ನು ತೆಗೆದುಕೊಂಡ.

"ಟ್ಯಾಂಕು ಖಾಲಿ ಮಾಡಿಸಿದ್ರಾ ಮೇಡಂ?"

"ಮಾಡಿಸಿದ್ವಿ."

"ಪೂರ್ತಿ?"

"ಪೂರ್ತಿ. ಒಂದು ಹನಿನೂ ಬಿಡದ ಹಾಗೆ."

"ಒಳ್ಳೇದಾಯ್ತು," ಎಂದು ಅಜ್ಜ ಸಹಿ ಹಾಕಿದ. ಆಮೇಲೆ ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡುತ್ತ ಕೂತಿದ್ದ.