ಕಲ್ಲವ್ವನ ಉಪವಾಸದ ಸೋಮವಾರ

“ನಾಳೆ ಮುಂಜಾನಿ ಮಾವಾರು ಠಾಣೆಕ್ಕ ಹೋಗ್ತಾರ್ರೀ ಅಕ್ಕಾರ. ನಮ್ಮ ಅತ್ತೀಗೆ ವಿಷ ಹಾಕಿದಾಕಿ ನಾನ ಅಂತ ಬರಸಾಕ.”

ರೋಣದ ವಕೀಲೆ ಶೈಲಶ್ರೀಯ ಕಚೇರಿಯಲ್ಲಿ ಕೂತು ಅಷ್ಟು ಹೇಳುವಷ್ಟರಲ್ಲಿ ಪೂಜಾ ಅಳತೊಡಗಿದಳು. ತಬಸ್ಸುಮ ನೀರು ಕೊಟ್ಟಳು. ಶೈಲಶ್ರೀಯ ಕಡತಗಳನ್ನೂ ಸಿಡುಕನ್ನೂ ಹಲವು ವರ್ಷಗಳಿಂದ ಸಂಭಾಳಿಸಿಕೊಂಡು ಬಂದವಳು ಅವಳು. ಅಳುವವರನ್ನು ಮೊದಲು ನಂಬುತ್ತಾಳೆ, ಆಮೇಲೆ ವಿಚಾರಿಸುತ್ತಾಳೆ. ಶೈಲಶ್ರೀಯದು ತದ್ವಿರುದ್ಧ.

ಪೂಜಾಳ ಅತ್ತೆ, ಅಬ್ಬಿಗೇರಿಯ ಈಶಪ್ಪನ ಹೆಂಡತಿ ಕಲ್ಲವ್ವ ಸೋಮವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಕುಸಿದು ಬಿದ್ದವಳು ಗದಗಿನ ದವಾಖಾನೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದಂತಿದೆ ಎಂದಿದ್ದರು ವೈದ್ಯರು. ಆದರೆ ಅವಳಿಗೆ ಆ ಕಾಯಿಲೆಯೇ ಇಲ್ಲ, ಮನೆಯಲ್ಲಿ ಬೇರೆ ಯಾರಿಗೂ ಇದ್ದದ್ದು ಗೊತ್ತಿಲ್ಲ. ಇರುವುದು ಕೊಣ್ಣೂರಿನಲ್ಲಿರುವ ಪೂಜಾಳ ತಂದೆಗೆ. ಹಿಂದಿನ ವಾರವಷ್ಟೇ ಸೊಸೆ ತವರಿಗೆ ಹೋಗಿ ಬಂದಿದ್ದಳು, ಗಂಡ ಲಾರಿಯೊಂದಿಗೆ ದೂರದಲ್ಲಿದ್ದ. ಬೊಟ್ಟು ಮಾಡಲು ಇನ್ನೇನು ಬೇಕು?

“ಸೋಮವಾರ ನಿಮ್ಮತ್ತಿ ಏನ್ ತಿಂದಿದ್ರು?” ಶೈಲಶ್ರೀ ಕೇಳಿದಳು.

“ಏನೂ ಇಲ್ರಿ. ಶ್ರಾವಣ ಸೋಮವಾರ, ಸಂಜೀತನಾ ಉಪವಾಸ. ಹಿಂದಿನ ದಿನ ಐತಾರನೂ ಕೈ ನಡುಗಾಕತ್ತಿದ್ವು, ಉಂಡ ಮ್ಯಾಲ ಆರಾಮಾತು ಅಂದ್ರು.”

“ಅದಕ್ಕ ಮೊದಲ ಮನಿಗೆ ಯಾರರ ಬಂದಿದ್ರೇನು?”

“ಶನಿವಾರ ಹೊರಗ ಯಾರೋ ‘ಕಲ್ಲವ್ವ ಯಾರ್ರೀ’ ಅಂತ ಕೂಗಿದ್ರು. ನಾ ರೊಟ್ಟಿ ಬಡಿಯಾಕತ್ತಿದ್ದೆ. ಅತ್ತೀನ ಎದ್ದು ಹೋದ್ರು. ಒಳಗ ಬಂದಾಗ ಭಾಳ ಖುಷಿ ಇದ್ರು.”

ಅಂದೇ ಮಧ್ಯಾಹ್ನ ಮೂವರೂ ಅಬ್ಬಿಗೇರಿಗೆ ಹೋದರು. ಪಡಸಾಲೆಯಲ್ಲಿ ಈಶಪ್ಪನೂ ಕಿರಿಯ ಮಗ ಅಮರೇಶನೂ ಉಣ್ಣುತ್ತಿದ್ದರು. ಗಜೇಂದ್ರಗಡದ ಹುಡುಗಿಯೊಂದಿಗೆ ಅಮರೇಶನ ಮದುವೆ ಗೊತ್ತಾಗಿತ್ತು. ಆದರೂ ಅವನ ಮುಖದಲ್ಲಿ ಮದುಮಗನ ಕಳೆ ಇರಲಿಲ್ಲ. ಸೊರಗಿ ಕಡ್ಡಿಯಾಗಿದ್ದ. ಪಾಪ, ತಾಯಿಯ ಚಿಂತೆ ಎಂದುಕೊಂಡಳು ತಬಸ್ಸುಮ.

ಸೊಸೆಯನ್ನು ಕಂಡ ಈಶಪ್ಪ ಮುಖ ತಿರುಗಿಸಿದ. ಆದರೂ ಪಕ್ಕದ ಮನೆಯಿಂದ ಎಲ್ಲರಿಗೂ ಚಹಾ ಬಂತು. ಅಮರೇಶ ತನ್ನ ಕಪ್ಪನ್ನು ಪಕ್ಕಕ್ಕೆ ಸರಿಸಿದ.

“ಯಾಕಪಾ, ಒಲ್ಲೇನು?” ಎಂದಳು ಶೈಲಶ್ರೀ.

“ಹಲ್ಲು ಬ್ಯಾನಿರಿ. ಸಿಹಿ ತಾಗಿದ್ರ ಜುಂ ಅಂತೈತಿ.” ಅಷ್ಟು ಹೇಳಿ ಕಟಕ ರೊಟ್ಟಿ ಮುರಿದು ಕಟಕಟ ಅಗಿಯತೊಡಗಿದ.

“ನನ್ನ ಮಗ ಭಾಳ ಶ್ಯಾಣ್ಯಾ ಅದಾನ್ರಿ ವಕೀಲರ,” ಎಂದ ಈಶಪ್ಪ. “ದವಾಖಾನಿಗೆ ಹೋಗೂದ ಬ್ಯಾಡ, ಫೋನಿನ್ಯಾಗ ಡಾಕ್ಟರ್‌ನ ಕೇಳಿ ಗುಳಿಗಿ ತರಸ್ತಾನ. ಅವ್ವನ ಮೊಣಕಾಲ ಬ್ಯಾನಿಗೂ ಕೇಳ್ತೀನಿ ಅಂದಿದ್ದ. ಅಷ್ಟರಾಗ ಈಕಿ ಹಿಂಗ ಮಾಡಿದ್ಲು.”

ಶೈಲಶ್ರೀ ಎದ್ದು ದೇವರ ಜಗಲಿಗೆ ಕೈ ಮುಗಿದು ಬರುತ್ತೇನೆಂದು ಒಳಗೆ ಹೋದಳು. ಅವಳಿಗೆ ಅಂಥ ಭಕ್ತಿ ಯಾವಾಗ ಬಂತೋ ತಬಸ್ಸುಮಳಿಗೆ ತಿಳಿಯಲಿಲ್ಲ. ಹೊರಬಂದಾಗ ಅವಳ ಕೈಯಲ್ಲಿ ಕಲ್ಲವ್ವನ ಹೆಸರಿದ್ದ, ಒಡೆದ ಗುಳಿಗೆ ಪೊಟ್ಟಣವೊಂದಿತ್ತು. ಎಲ್ಲರನ್ನೂ ಕೂರಿಸಿದಳು.

“ಕಲ್ಲವ್ವಗ ಯಾರೂ ವಿಷ ಹಾಕಿಲ್ಲ. ಆಕೀನ ಗುಳಿಗಿ ನುಂಗ್ಯಾಳ, ಮೊಣಕಾಲಿಂದು ಅಂತ ತಿಳಕೊಂಡು. ಶನಿವಾರ ಕೂಗಿದವ ಪಾರ್ಸಲ್ ಕೊಡಾಕ ಬಂದಿದ್ದ. ತನ್ನ ಹೆಸರಿಗೆ ಬಂದದ್ದು, ಮಗ ತರಿಸಿದ್ದು. ಅದಕ್ಕ ಜಗಲಿ ಮ್ಯಾಲ ವಿಭೂತಿ ಹಿಂದ ಜ್ವಾಕಿಯಾಗಿ ಇಟ್ಟಿದ್ಲು. ಶನಿವಾರ, ಐತಾರ ನುಂಗಿದ್ಲು, ಹೊಟ್ಟಿಗೆ ಊಟ ಇದ್ದದ್ದಕ್ಕ ಕೈ ನಡುಗೂದರಾಗ ಮುಗೀತು. ಸೋಮವಾರ ಬರೇ ಹೊಟ್ಟಿಯೊಳಗ ನುಂಗಿದ್ಲು.”

“ಇವು ಸಕ್ಕರಿ ಗುಳಿಗಿ ಆದ್ರ ಯಾರಿಗೆ ಬಂದಿದ್ವು?” ಈಶಪ್ಪ ತೊದಲಿದ.

“ಚಹಾ ಒಲ್ಲೆ ಅಂದವಗ. ಹಲ್ಲು ಬ್ಯಾನಿ ಇದ್ದವ ಕಟಕ ರೊಟ್ಟಿ ಕಡೀತಾನೇನ್ರಿ? ಸೊರಗ್ಯಾನ, ಸಿಹಿ ಮುಟ್ಟೂದಿಲ್ಲ. ರೋಗ ಐತಿ ಅಂದ್ರ ಲಗ್ನ ಮುರೀತೈತಿ. ಫೋನಿನ ಡಾಕ್ಟರ್ ಮುಖಾ ನೋಡೂದಿಲ್ಲ, ಅವ್ವನ ಹೆಸರು ಹೇಳಿದ್ರ ಮುಗೀತು. ಹೌದಲ್ಲೋ ಅಮರೇಶ?”

ಅಮರೇಶ ತಲೆ ತಗ್ಗಿಸಿದ. “ಪಾರ್ಸಲ್ ಇನ್ನೂ ಬಂದಿಲ್ಲ ಅಂತ ತಿಳಿದಿದ್ದೆರಿ.”

“ಅದನ್ನ ಒಪ್ತೀನಿ. ಆದ್ರ ದವಾಖಾನ್ಯಾಗ ಸಕ್ಕರಿ ಗುಳಿಗಿ ಅಂದಕೂಡ್ಲೆ ನಿನಗ ಎಲ್ಲಾ ತಿಳೀತು. ವೈನಿ ಪೂಜಾನ ಮ್ಯಾಲ ಅಪವಾದ ಹಾಕ್ತಾರಂತ ಗೊತ್ತಿದ್ದೂ ಸುಮ್ಮನಿದ್ದಿ. ಡಾಕ್ಟರ್‌ಗರ ಯಾವ ಗುಳಿಗಿ ಅಂತ ಹೇಳಬೇಕಿತ್ತಲ್ಲ?”

ತಬಸ್ಸುಮಳಿಗೆ ಮೈಯೆಲ್ಲ ಉರಿಯಿತು. ಇವನಿಗೆಂದೇ ಮರುಗಿದ್ದೆನಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು.

ಅಷ್ಟರಲ್ಲಿ ಈಶಪ್ಪನ ಫೋನು ರಿಂಗಾಯಿತು. ದವಾಖಾನೆಯಲ್ಲಿ ಕಲ್ಲವ್ವನ ಬಳಿಯಿದ್ದ ಅವಳ ತಂಗಿ ಫಕೀರವ್ವ. ಅವಳ ದನಿ ಪಡಸಾಲೆಗೆಲ್ಲ ಕೇಳುತ್ತಿತ್ತು.

“ಮಾವಾ, ಅಕ್ಕ ಕಣ್ಣ ಬಿಟ್ಟಾಳ್ರಿ! ‘ಅಮರ ತರಸಿದ ಗುಳಿಗಿ ಜಗಲಿ ಮ್ಯಾಲ ಅದಾವ, ಒಗೀಬ್ಯಾಡ್ರಿ, ಮೊಣಕಾಲ ಹಗುರಾಗ್ಯಾವ’ ಅಂತ ಒಂದ ಸವನ ಹೇಳಾಕತ್ತಾಳ.”

ಅಮರೇಶ ಮುಖ ಮುಚ್ಚಿಕೊಂಡ. ಈಶಪ್ಪ ತಾಟು ಸರಿಸಿ ಎದ್ದು, “ನಡೀವಾ ಪೂಜಾ, ದವಾಖಾನಿಗೆ ಹೋಗೂಣು,” ಎಂದ.

ಪೂಜಾ ಕಣ್ಣೊರೆಸಿಕೊಂಡಳು. “ಬರ್ತೀನ್ರಿ ಮಾವಾರ. ಆದ್ರ ಅವು ಯಾರ ಗುಳಿಗಿ ಅನ್ನೂದನ್ನ ಅತ್ತೀಗೆ ಅಮರೇಶ ತನ್ನ ಬಾಯಿಲೆ ಹೇಳ್ಬೇಕು. ಅಲ್ಲೀತನಾ ನಾ ಬಾಗಲ ಹೊರಗ ನಿಂತಿರ್ತೀನಿ.”